ಮೈದಾನದ ಕೀರ್ತಿ, ನ್ಯಾಯದ ಲೆಕ್ಕ

ಆಟದ ಮೈದಾನದಲ್ಲಿ ತಪ್ಪೆಸಗಿದವನಿಗೆ ಶಿಕ್ಷೆ ತಡವಾಗುವುದಿಲ್ಲ. ಫುಟ್‌ಬಾಲ್ ಪಂದ್ಯದಲ್ಲಿ ಎದುರಾಳಿಯನ್ನು ಬೇಕೆಂದೇ ಒದ್ದವನಿಗೆ ರೆಫರಿ ಕೆಂಪು ಕಾರ್ಡು ತೋರಿಸುತ್ತಾರೆ; ಎಷ್ಟೇ ಹೆಸರಾಂತ ಆಟಗಾರನಾಗಿದ್ದರೂ ಹೊರನಡೆಯಲೇಬೇಕು. ಆದರೆ ಅದೇ ಆಟಗಾರನು ಬೀದಿಯಲ್ಲಿಯೋ ಮನೆಯೊಳಗೋ ಅಪರಾಧ ಎಸಗಿದಾಗ ನಮ್ಮ ಮಾತಿನ ಧಾಟಿ ಬದಲಾಗುತ್ತದೆ. ದೇಶಕ್ಕೆ ಕೀರ್ತಿ ತಂದವನಲ್ಲವೇ, ಒಂದು ಕ್ಷಣದ ಕೋಪವಲ್ಲವೇ, ಕ್ಷಮಿಸಬಾರದೇ ಎನ್ನುತ್ತೇವೆ. ಕ್ಷಮೆಯನ್ನು ಬೋಧಿಸುವ ವಿಶ್ವಾಸದಲ್ಲಿ ಬೆಳೆದ ನಾವು ಈ ಮಾತಿಗೆ ಬೇಗನೆ ಒಲಿಯುತ್ತೇವೆ. ಕ್ಷಮೆಗೂ ನ್ಯಾಯಕ್ಕೂ ಇರುವ ಸಂಬಂಧವೇನು ಎಂಬುದನ್ನು ಎರಡು ಪ್ರಕರಣಗಳ ಬೆಳಕಿನಲ್ಲಿ ಪರಿಶೀಲಿಸೋಣ.

1988ರ ಡಿಸೆಂಬರ್ 27ರಂದು ಪಟಿಯಾಲಾದಲ್ಲಿ ವಾಹನ ನಿಲುಗಡೆಯ ವಿಷಯವಾಗಿ ಜಗಳವೊಂದು ನಡೆಯಿತು. ಅದರಲ್ಲಿ ಏಟು ತಿಂದ 65 ವರ್ಷದ ವೃದ್ಧರೊಬ್ಬರು ಮರಣಹೊಂದಿದರು. ಆರೋಪಿಯಾದವರು 25 ವರ್ಷದ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು. 1999ರಲ್ಲಿ ವಿಚಾರಣಾ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. 2006ರಲ್ಲಿ ಹೈಕೋರ್ಟು ಮೂರು ವರ್ಷಗಳ ಸಜೆ ವಿಧಿಸಿತು. 2018ರಲ್ಲಿ ಸುಪ್ರೀಂ ಕೋರ್ಟು ಆ ಸಜೆಯನ್ನು ರದ್ದುಪಡಿಸಿ, ಗಾಯಪಡಿಸಿದ ಅಪರಾಧಕ್ಕಾಗಿ 1,000 ರೂಪಾಯಿ ದಂಡ ಹಾಕಿತು. ಈ ನಡುವೆ ಸಿಧು ಭಾರತಕ್ಕಾಗಿ ಆಡಿದರು, ದೂರದರ್ಶನದ ಪರದೆಯಲ್ಲಿ ಜನಪ್ರಿಯರಾದರು, ಸಂಸದರೂ ಸಚಿವರೂ ಆದರು. ಮೃತರ ಕುಟುಂಬ ಮಾತ್ರ ಪುನರ್ವಿಮರ್ಶೆ ಕೋರಿ ಮತ್ತೆ ನ್ಯಾಯಾಲಯದ ಬಾಗಿಲು ತಟ್ಟಿತು. 2022ರ ಮೇ 19ರಂದು ಸುಪ್ರೀಂ ಕೋರ್ಟು ಒಂದು ವರ್ಷದ ಕಠಿಣ ಸಜೆ ನೀಡಿತು. ಘಟನೆ ನಡೆದು 33 ವರ್ಷಗಳೇ ಕಳೆದಿದ್ದವು.

ಆ ತೀರ್ಪಿನ ಒಂದು ಅಂಶ ವಿಶೇಷವಾಗಿ ಮನನ ಮಾಡತಕ್ಕದ್ದು. ಕುಸ್ತಿಪಟುವಿನ, ಬಾಕ್ಸರನ, ಕ್ರಿಕೆಟಿಗನ ಕೈಯೇ ಆಯುಧವಾಗಬಲ್ಲದು. ತನ್ನ ಏಟಿನ ಬಲವನ್ನು ಅವನು ಅರಿತಿರಬೇಕು ಎಂಬುದು ನ್ಯಾಯಾಲಯದ ಅಭಿಪ್ರಾಯ. ಅಂದರೆ ಕ್ರೀಡೆಯಿಂದ ಗಳಿಸಿದ ದೇಹಬಲ ರಿಯಾಯಿತಿಗೆ ಆಧಾರವಲ್ಲ, ಹೊಣೆಯನ್ನು ಹೆಚ್ಚಿಸುವ ಸಂಗತಿ. ಹೆಚ್ಚು ಪಡೆದವನಿಂದ ಹೆಚ್ಚು ನಿರೀಕ್ಷಿಸಲಾಗುವುದು ಎಂಬ ಪ್ರಭು ಯೇಸುವಿನ ಬೋಧನೆಗೂ ಇದಕ್ಕೂ ಎಷ್ಟು ಸಾಮ್ಯ!

ಎರಡನೆಯದು ದಕ್ಷಿಣ ಆಫ್ರಿಕದ ಪ್ರಕರಣ. ಶೈಶವದಲ್ಲಿಯೇ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡರೂ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಆಸ್ಕರ್ ಪಿಸ್ಟೋರಿಯಸ್ ಜಗತ್ತಿಗೇ ಸ್ಫೂರ್ತಿಯಾಗಿದ್ದರು. 2013ರ ಫೆಬ್ರವರಿ 14ರಂದು ತಮ್ಮ ಮನೆಯಲ್ಲಿ, ಮುಚ್ಚಿದ ಬಾಗಿಲಿನ ಮೂಲಕ ನಾಲ್ಕು ಗುಂಡು ಹಾರಿಸಿ, ಗೆಳತಿ ರೀವಾ ಸ್ಟೀನ್‌ಕ್ಯಾಂಪ್ ಅವರನ್ನು ಕೊಂದರು. ಒಳಗೆ ಕಳ್ಳನಿರುವನೆಂದು ಭಾವಿಸಿದ್ದಾಗಿ ಅವರ ವಾದ. ಮೊದಲು ಐದು ವರ್ಷದ ಸಜೆಯಾಯಿತು. ಮೇಲ್ಮನವಿಯಲ್ಲಿ ಇದು ಕೊಲೆಯೆಂದು ತೀರ್ಮಾನವಾಗಿ, ಕೊನೆಗೆ 2017ರಲ್ಲಿ ಸಜೆ 13 ವರ್ಷ 5 ತಿಂಗಳಿಗೆ ಏರಿತು. ಪೆರೋಲಿಗೆ ಮುನ್ನ, 2022ರಲ್ಲಿ, ಪಿಸ್ಟೋರಿಯಸ್ ರೀವಾಳ ತಂದೆಯನ್ನು ಮುಖಾಮುಖಿಯಾಗಿ ಕಂಡರು. ಅಪರಾಧಿಯು ನೊಂದವರನ್ನು ಎದುರುಗೊಳ್ಳುವ ವ್ಯವಸ್ಥೆ ಆ ದೇಶದಲ್ಲಿದೆ. 2024ರ ಜನವರಿಯಲ್ಲಿ ಪೆರೋಲ್ ದೊರೆತಾಗ ರೀವಾಳ ತಾಯಿ ಅದನ್ನು ವಿರೋಧಿಸಲಿಲ್ಲ. ಆದರೆ ಜೀವಾವಧಿ ಸಜೆ ಅನುಭವಿಸುತ್ತಿರುವವರು ಉಳಿದುಕೊಂಡ ನಾವೇ ಎಂದು ನೆನಪಿಸಿದರು.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪಾಪನಿವೇದನೆಯಲ್ಲಿ ಪಾಪ ಕ್ಷಮಿಸಲ್ಪಡುತ್ತದೆ. ಆದರೆ ಪಾಪದಿಂದಾದ ಹಾನಿ ಅಷ್ಟರಿಂದಲೇ ಸರಿಹೋಗುವುದಿಲ್ಲ. ಕದ್ದುದನ್ನು ಹಿಂತಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು, ಗಾಯಕ್ಕೆ ಪರಿಹಾರ ಕೊಡಬೇಕು. ಯೇಸುವನ್ನು ಮನೆಗೆ ಬರಮಾಡಿಕೊಂಡ ಜಕ್ಕಾಯನು ಪಶ್ಚಾತ್ತಾಪಪಟ್ಟುದಷ್ಟೇ ಅಲ್ಲ, ವಂಚಿಸಿದ್ದರೆ ನಾಲ್ಕು ಪಟ್ಟು ಕೊಡುವೆನೆಂದನು.

ಸಂತ ಮರಿಯ ಗೊರೆತ್ತಿಯ ವೃತ್ತಾಂತ ನಮ್ಮ ಮನೆಗಳಲ್ಲಿ ಪರಿಚಿತವೇ. 1902ರಲ್ಲಿ ಇಟಲಿಯಲ್ಲಿ ಇರಿತಕ್ಕೊಳಗಾದ 11 ವರ್ಷದ ಆ ಬಾಲಕಿ, ಸಾಯುವ ಮುನ್ನ ತನ್ನ ಹಂತಕ ಅಲೆಸ್ಸಾಂದ್ರೊನನ್ನು ಕ್ಷಮಿಸಿದಳು. ಆದರೂ ಅವನು 27 ವರ್ಷ ಸೆರೆಮನೆಯಲ್ಲಿ ಕಳೆದನು. ಅಲ್ಲಿಯೇ ಅವನ ಮನಸ್ಸು ಪರಿವರ್ತನೆಯಾಯಿತು. ಬಿಡುಗಡೆಯ ನಂತರ ಆಕೆಯ ತಾಯಿಯ ಬಳಿಗೆ ಹೋಗಿ ಕ್ಷಮೆ ಬೇಡಿದನು, ಆಕೆ ಕ್ಷಮಿಸಿದಳು. ಕ್ಷಮೆ ಶಿಕ್ಷೆಯನ್ನು ಅಳಿಸಲಿಲ್ಲ. ಶಿಕ್ಷೆ ಕ್ಷಮೆಯನ್ನು ತಡೆಯಲಿಲ್ಲ. ಕ್ಷಮಿಸುವ ಹಕ್ಕು ನೊಂದವರದು. ಗ್ಯಾಲರಿಯಲ್ಲಿ ಕುಳಿತು ಚಪ್ಪಾಳೆ ತಟ್ಟುವ ನಾವು ಅವರ ಪರವಾಗಿ ಉದಾರಿಗಳಾಗುವುದು ಸಲ್ಲದು.

ಹಾಗೆಂದು, ಆರೋಪ ಬಂದೊಡನೆ ಅಪರಾಧಿಯೆಂದು ಸಾರುವುದೂ ನ್ಯಾಯವಲ್ಲ. ಸಾಕ್ಷ್ಯ ತೂಗುವುದು ನ್ಯಾಯಾಲಯದ ಕೆಲಸ. ದೂರು ಕೊಟ್ಟವರನ್ನು ಹೀಯಾಳಿಸದಿರುವುದು, ಸಾಕ್ಷಿಗಳ ಬಾಯಿ ಮುಚ್ಚಿಸದಿರುವುದು, ತೀರ್ಪು ಬಂದಾಗ ಅದನ್ನು ಗೌರವಿಸುವುದು ನಮ್ಮ ಕೆಲಸ.

ಈ ಪಾಠ ಆರಂಭವಾಗಬೇಕಾದುದು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಧರ್ಮಕೇಂದ್ರದ ಯುವಜನರ ಪಂದ್ಯಾಟಗಳಲ್ಲಿ. ಚೆನ್ನಾಗಿ ಆಡುವ ಹುಡುಗನು ಸಹಪಾಠಿಯನ್ನು ಹೊಡೆದಾಗ, ಹುಡುಗಿಯನ್ನು ಅವಮಾನಿಸಿದಾಗ, 'ನಾಳೆ ಫೈನಲ್ ಇದೆ' ಎಂದು ನಾವು ಸುಮ್ಮನಾದರೆ, ಗೆಲ್ಲುವವನಿಗೆ ಬೇರೆ ನಿಯಮವೆಂದು ಅವನಿಗೆ ನಾವೇ ಕಲಿಸಿದಂತಾಗುತ್ತದೆ. ಅಂದು ಅವನನ್ನು ತಂಡದಿಂದ ಹೊರಗಿಟ್ಟು, ನೊಂದವರ ಮನೆಗೆ ಕರೆದೊಯ್ದು ಕ್ಷಮೆ ಕೇಳಿಸುವ ತಂದೆತಾಯಿಯೇ ಅವನ ನಿಜವಾದ ಹಿತೈಷಿಗಳು.

ಕ್ರೈಸ್ತ ಜೀವನವನ್ನು ಓಟದ ಪಂದ್ಯಕ್ಕೆ ಹೋಲಿಸಿದ ಸಂತ ಪೌಲರು, ಇತರರಿಗೆ ಬೋಧಿಸಿದ ತಾನೇ ಅನರ್ಹನಾಗದಂತೆ ದೇಹವನ್ನು ಹತೋಟಿಯಲ್ಲಿಡುವುದಾಗಿ ಕೊರಿಂಥದವರಿಗೆ ಬರೆದರು. ಪದಕ ಗೆಲ್ಲುವ ಬಲವನ್ನು ನಮ್ಮ ಮಕ್ಕಳಿಗೆ ಬೇಡುವಾಗ, ಆ ಬಲಕ್ಕೆ ಲೆಕ್ಕ ಒಪ್ಪಿಸುವ ಮನಸ್ಸನ್ನೂ ದೇವರಲ್ಲಿ ಬೇಡೋಣ.