ಲ್ಯಾಪ್‌ಟಾಪ್ ಕೈಕೊಟ್ಟರೂ ಹಾಡು ನಿಲ್ಲಬಾರದು

ಆರತಕ್ಷತೆಯ ಕುಣಿತ ರಂಗೇರಿದಾಗಲೇ ಡಿಜೆಯ ಲ್ಯಾಪ್‌ಟಾಪ್ ಹ್ಯಾಂಗ್ ಆದರೆ? ಅದು ಮತ್ತೆ ಶುರುವಾಗುವಷ್ಟರಲ್ಲಿ ಕುಣಿಯುವವರು ಊಟದ ಪಂಕ್ತಿ ಸೇರಿರುತ್ತಾರೆ.

ಅಗ್ಗದ ಆಸರೆಯೆಂದರೆ ಹಳೆಯ ಮೊಬೈಲ್. ಹಾಡುಗಳು ಅದರಲ್ಲೇ ಡೌನ್‌ಲೋಡ್ ಆಗಿರಬೇಕು. ಛತ್ರದೊಳಗಿನ ನೆಟ್‌ವರ್ಕ್ ನಂಬುವಂತಿಲ್ಲ. ಸ್ಪೀಕರಿನಲ್ಲಿ ರಿಂಗ್‌ಟೋನ್ ಮೊಳಗದಂತೆ ಏರ್‌ಪ್ಲೇನ್ ಮೋಡ್ ಹಾಕಿಡಬೇಕು. 2016ರ ಐಫೋನ್ 7ರಿಂದೀಚೆಗೆ ಅನೇಕ ಫೋನ್‌ಗಳಲ್ಲಿ ಹೆಡ್‌ಫೋನ್ ಜ್ಯಾಕ್ ಇಲ್ಲದ್ದರಿಂದ ಅಡಾಪ್ಟರ್ ಜೊತೆಗಿರಬೇಕು.

ಇನ್ನಷ್ಟು ಖರ್ಚು ಮಾಡಬಲ್ಲವರಿಗೆ ಲ್ಯಾಪ್‌ಟಾಪ್ ಇಲ್ಲದೆ ಪೆನ್‌ಡ್ರೈವ್‌ನಿಂದಲೇ ಹಾಡು ನುಡಿಸುವ ಪ್ಲೇಯರ್‌ಗಳಿವೆ. ಅವುಗಳ ಹಳೆಯ ಮಾದರಿಗಳಲ್ಲಿ ಹಲವು ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನ ಡ್ರೈವ್ ಓದುವುದಿಲ್ಲ, ಫ್ಯಾಟ್32 ಸುರಕ್ಷಿತ.

ಬದಲಿ ಸಾಧನವನ್ನು ಲ್ಯಾಪ್‌ಟಾಪ್‌ನ ಹಾಡು ನಿಯಂತ್ರಿಸುವ ಕಂಟ್ರೋಲರ್‌ಗಲ್ಲ, ಮಿಕ್ಸರ್‌ನ ಪ್ರತ್ಯೇಕ ಚಾನೆಲ್‌ಗೆ ಮೊದಲೇ ಜೋಡಿಸಿ ವಾಲ್ಯೂಮ್ ಹೊಂದಿಸಿಡುವುದು ಒಳ್ಳೆಯದು. ಆಗ ಕಂಟ್ರೋಲರ್ ಕೆಟ್ಟರೂ ಒಂದು ಫೇಡರ್ ಏರಿಸಿದರೆ ಸಾಕು.