ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ಫಲಿತಾಂಶ ಸಂಶೋಧನೆ

ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯ ಫಲಿತಾಂಶ ಸಂಶೋಧನೆಯು ನೇತ್ರವಿಜ್ಞಾನದ ಒಂದು ಅಧ್ಯಯನ ಕ್ಷೇತ್ರ. ಪೊರೆಯನ್ನು ತೆಗೆಯುವ ವಿವಿಧ ವಿಧಾನಗಳು, ಅದಕ್ಕೆ ಮುನ್ನ ನಡೆಸುವ ಅಳತೆ ಮತ್ತು ಚಿತ್ರಣ ಪರೀಕ್ಷೆಗಳು ಹಾಗೂ ಚಿಕಿತ್ಸೆಯ ಬಳಿಕ ರೋಗಿಗೆ ಮರಳಿದ ದೃಷ್ಟಿ ಇವುಗಳನ್ನು ಈ ಕ್ಷೇತ್ರದಲ್ಲಿ ಹೋಲಿಸಿ ನೋಡಲಾಗುತ್ತದೆ. ಭಾರತದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 50 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರ ಅಂಧತ್ವದಲ್ಲಿ ಶೇ. 66.2ರಷ್ಟಕ್ಕೆ ಪೊರೆಯೇ ಕಾರಣ. ಎಷ್ಟು ಮಂದಿಗೆ ಶಸ್ತ್ರಚಿಕಿತ್ಸೆ ನಡೆಯಿತು ಎಂಬ ಲೆಕ್ಕದಿಂದ ಎಷ್ಟು ಮಂದಿಗೆ ಚೆನ್ನಾಗಿ ಕಾಣಿಸತೊಡಗಿತು ಎಂಬ ಲೆಕ್ಕದ ಕಡೆಗೆ ಸಾಗಿದ್ದೇ ಈ ಸಂಶೋಧನೆಯ ಮುಖ್ಯ ಬೆಳವಣಿಗೆ.

ಪೊರೆ ಎಂದರೇನು

ಕಣ್ಣಿನ ಪಾಪೆಯ ಹಿಂದೆ ಪಾರದರ್ಶಕವಾದ ಒಂದು ಮಸೂರವಿರುತ್ತದೆ. ಅದು ತೆಳುವಾದ ಕೋಶವೊಂದರೊಳಗೆ ಇದ್ದು, ಬೆಳಕನ್ನು ಅಕ್ಷಿಪಟದ ಮೇಲೆ ಕೇಂದ್ರೀಕರಿಸುತ್ತದೆ. ವಯಸ್ಸಾದಂತೆ ಮಸೂರದೊಳಗಿನ ಪ್ರೋಟೀನುಗಳು ಬದಲಾಗಿ ಅದು ಮಸುಕಾಗುತ್ತದೆ. ಈ ಮಸುಕೇ ಪೊರೆ. ಮಧುಮೇಹ, ಧೂಮಪಾನ, ಕಣ್ಣಿಗೆ ಬಿದ್ದ ಪೆಟ್ಟು, ಸ್ಟೀರಾಯ್ಡ್ ಔಷಧಗಳ ದೀರ್ಘಕಾಲದ ಬಳಕೆ ಹಾಗೂ ಬಿಸಿಲಿನ ನೇರಳಾತೀತ ಕಿರಣಗಳು ಪೊರೆ ಬೇಗ ಬರಲು ಕಾರಣವಾಗಬಲ್ಲವು. ಪೊರೆಯನ್ನು ಕರಗಿಸುವ ಔಷಧವಾಗಲಿ ಹನಿಯಾಗಲಿ ಈವರೆಗೆ ಸಿದ್ಧಪಟ್ಟಿಲ್ಲ. ದೃಷ್ಟಿ ಮರಳಿಸಲು ಶಸ್ತ್ರಚಿಕಿತ್ಸೆಯೊಂದೇ ದಾರಿ.

ಇತಿಹಾಸ

ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ‘ಲಿಂಗನಾಶ’ ಎಂಬ ನೇತ್ರರೋಗಕ್ಕೆ ಶಲಾಕೆಯಿಂದ ಮಾಡುವ ಚಿಕಿತ್ಸೆಯ ವಿವರಣೆಯಿದೆ. ಈ ಕ್ರಮದಲ್ಲಿ ಮಸುಕಾದ ಮಸೂರವನ್ನು ಹೊರಕ್ಕೆ ತೆಗೆಯದೆ ದೃಷ್ಟಿಯ ದಾರಿಯಿಂದ ಪಕ್ಕಕ್ಕೆ ಸರಿಸಲಾಗುತ್ತಿತ್ತು. 1747ರಲ್ಲಿ ಫ್ರಾನ್ಸಿನ ಜಾಕ್ ದವಿಯೆಲ್ ಮಸೂರವನ್ನು ಕಣ್ಣಿನಿಂದ ಹೊರತೆಗೆಯುವ ಕ್ರಮವನ್ನು ಆರಂಭಿಸಿದರು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರ ನವೆಂಬರ್ 29ರಂದು ಮೊದಲ ಬಾರಿಗೆ ಕೃತಕ ಮಸೂರವನ್ನು ಅಳವಡಿಸುವ ಶಸ್ತ್ರಚಿಕಿತ್ಸೆ ನಡೆಸಿದರು. ಯುದ್ಧವಿಮಾನಗಳ ಕಿಟಕಿಯ ಪ್ಲಾಸ್ಟಿಕ್ ಚೂರುಗಳು ವಿಮಾನ ಚಾಲಕರ ಕಣ್ಣಿನೊಳಗೆ ಹೊಕ್ಕಾಗ ಅವು ಹೆಚ್ಚಿನ ಕೆರಳಿಕೆಯನ್ನು ಉಂಟುಮಾಡದಿದ್ದುದನ್ನು ಗಮನಿಸಿ ಅವರು ಅದೇ ಬಗೆಯ ಪ್ಲಾಸ್ಟಿಕ್ಕನ್ನು ಆರಿಸಿಕೊಂಡಿದ್ದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶ್ರವಣಾತೀತ ಕಂಪನಗಳಿಂದ ಮಸೂರವನ್ನು ಪುಡಿಮಾಡಿ ಹೀರಿ ತೆಗೆಯುವ ‘ಫೇಕೋ’ ವಿಧಾನವನ್ನು ರೂಪಿಸಿದರು.

ಕರ್ನಾಟಕದಲ್ಲಿ

ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯ ಮೂಲ 1896ರಷ್ಟು ಹಿಂದಿನದು. ಅದರ ಈಗಿನ ಕಟ್ಟಡ 1913ರಲ್ಲಿ ಆರಂಭವಾಯಿತು. ಆದರೆ ನೇತ್ರಚಿಕಿತ್ಸೆಯನ್ನು ಹಳ್ಳಿಗಳ ಬಾಗಿಲಿಗೆ ಕೊಂಡೊಯ್ದ ಕೀರ್ತಿ ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿ (1916–2005) ಅವರಿಗೆ ಸಲ್ಲುತ್ತದೆ. ಅವರು 1943ರಿಂದ ಸಾಮೂಹಿಕ ನೇತ್ರ ಶಿಬಿರಗಳನ್ನು ನಡೆಸಿದರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆಗಳನ್ನು ಮಾಡಿದ ಅವರ ಸಾಧನೆ ಗಿನ್ನೆಸ್ ದಾಖಲೆಯಲ್ಲಿ ಸೇರಿದೆ. ಆಸ್ಪತ್ರೆಗಳು ವಿರಳವಾಗಿದ್ದ, ಕುರುಡುತನವನ್ನು ವಿಧಿಯೆಂದು ಜನ ಒಪ್ಪಿಕೊಂಡಿದ್ದ ಕಾಲದಲ್ಲಿ ಸಂಖ್ಯೆಯೇ ಸಹಜವಾಗಿ ಸೇವೆಯ ಅಳತೆಗೋಲಾಗಿತ್ತು.

ಭಾರತ ಸರ್ಕಾರ 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. 1990ರ ದಶಕದಲ್ಲಿ ಕರ್ನಾಟಕದಲ್ಲಿ ಡೆನ್ಮಾರ್ಕ್ ನೆರವಿನೊಂದಿಗೆ ಪೊರೆಯಿಂದಾದ ಅಂಧತ್ವದ ತ್ವರಿತ ಸಮೀಕ್ಷೆಗಳು ನಡೆದವು. ಇಂತಹ ಸಮೀಕ್ಷೆಗಳಲ್ಲಿ ಆಸ್ಪತ್ರೆಗೆ ಬಂದವರನ್ನಷ್ಟೇ ನೋಡುವುದಿಲ್ಲ. ಆಯ್ದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹಿರಿಯರ ದೃಷ್ಟಿಯನ್ನು ಪರೀಕ್ಷಿಸಲಾಗುತ್ತದೆ. ಆದ್ದರಿಂದ ಚಿಕಿತ್ಸೆ ಸಿಗದವರ ಸಂಖ್ಯೆಯ ಜೊತೆಗೆ, ಚಿಕಿತ್ಸೆ ಪಡೆದೂ ಕಾಣದವರ ಸಂಖ್ಯೆಯೂ ಬೆಳಕಿಗೆ ಬರುತ್ತದೆ.

ಶಸ್ತ್ರಚಿಕಿತ್ಸೆಯ ವಿಧಾನಗಳು

ಹಳೆಯ ವಿಧಾನದಲ್ಲಿ ಮಸೂರವನ್ನು ಅದರ ಕೋಶದೊಂದಿಗೆ ಇಡಿಯಾಗಿ ತೆಗೆಯಲಾಗುತ್ತಿತ್ತು. ಬಳಿಕ ರೋಗಿಯು ಸುಮಾರು 10 ಡಯಾಪ್ಟರ್ ಶಕ್ತಿಯ ದಪ್ಪ ಕನ್ನಡಕವನ್ನು ಧರಿಸಬೇಕಿತ್ತು. ಜನರ ಮಾತಿನ ‘ಸೋಡಾಬುಡ್ಡಿ ಕನ್ನಡಕ’ ಇದೇ ಬಗೆಯದು. ಅದರ ಮೂಲಕ ವಸ್ತುಗಳು ಸುಮಾರು ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತಿದ್ದವು, ಪಕ್ಕದ ನೋಟ ಕುಗ್ಗುತ್ತಿತ್ತು. ಕನ್ನಡಕ ಒಡೆದರೆ ಅಥವಾ ಕಳೆದರೆ ಶಸ್ತ್ರಚಿಕಿತ್ಸೆ ‘ಯಶಸ್ವಿ’ಯಾದವರೂ ಮತ್ತೆ ಕುರುಡರಂತಾಗುತ್ತಿದ್ದರು.

ಇಂದು ಬಳಕೆಯಲ್ಲಿರುವ ವಿಧಾನಗಳಲ್ಲಿ ಕೋಶದ ಹಿಂಭಾಗವನ್ನು ಉಳಿಸಿಕೊಂಡು ಅದರೊಳಗೆ ಕೃತಕ ಮಸೂರವನ್ನು ಇರಿಸಲಾಗುತ್ತದೆ. ಇವುಗಳಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಹೊಲಿಗೆಯ ವಿಧಾನ. ಇದರಲ್ಲಿ ಸುಮಾರು 10ರಿಂದ 12 ಮಿ.ಮೀ. ಉದ್ದದ ಕೊಯ್ತ ಮಾಡಿ, ಮಸೂರ ತೆಗೆದ ಮೇಲೆ ಹೊಲಿಗೆ ಹಾಕುತ್ತಾರೆ. ಹೊಲಿಗೆಯ ಎಳೆತದಿಂದ ಕಾರ್ನಿಯಾದ ಆಕಾರ ಬದಲಾಗಿ ದೃಷ್ಟಿಯಲ್ಲಿ ಓರೆ ದೋಷ ಉಳಿಯಬಹುದು.

ಎರಡನೆಯದು ಸಣ್ಣ ಕೊಯ್ತದ ಕೈಯಾರೆ ವಿಧಾನ. ಕಣ್ಣಿನ ಬಿಳಿಭಾಗದಲ್ಲಿ ಸುಮಾರು 6ರಿಂದ 7 ಮಿ.ಮೀ. ಅಗಲದ ಸುರಂಗದಂತಹ ದಾರಿ ಮಾಡಿ ಮಸೂರವನ್ನು ತೆಗೆಯುತ್ತಾರೆ. ಕಣ್ಣಿನೊಳಗಿನ ಒತ್ತಡದಿಂದಲೇ ಈ ದಾರಿ ಮುಚ್ಚಿಕೊಳ್ಳುವುದರಿಂದ ಸಾಮಾನ್ಯವಾಗಿ ಹೊಲಿಗೆ ಬೇಕಾಗುವುದಿಲ್ಲ. ದುಬಾರಿ ಯಂತ್ರವೂ ಬೇಡ.

ಮೂರನೆಯದು ಫೇಕೋ. ಸುಮಾರು 2ರಿಂದ 3 ಮಿ.ಮೀ. ಕೊಯ್ತದ ಮೂಲಕ ಮಸೂರವನ್ನು ಪುಡಿಮಾಡಿ ಹೀರಿ, ಮಡಚಬಲ್ಲ ಕೃತಕ ಮಸೂರವನ್ನು ಒಳಸೇರಿಸುತ್ತಾರೆ. ಇದಕ್ಕೆ ಯಂತ್ರ ಮತ್ತು ವಿಶೇಷ ತರಬೇತಿ ಎರಡೂ ಅಗತ್ಯ.

ಹೋಲಿಕೆಯ ಪ್ರಯೋಗಗಳು

ಎರಡು ವಿಧಾನಗಳಲ್ಲಿ ಯಾವುದು ಉತ್ತಮ ಎಂಬುದನ್ನು ವೈದ್ಯರ ಅನುಭವದಿಂದಷ್ಟೇ ನಿರ್ಧರಿಸುವುದು ಕಷ್ಟ. ಸುಲಭದ ರೋಗಿಗಳಿಗೆ ಒಂದು ವಿಧಾನವನ್ನೂ ಕಷ್ಟದ ರೋಗಿಗಳಿಗೆ ಇನ್ನೊಂದನ್ನೂ ಬಳಸಿದ್ದರೆ ಹೋಲಿಕೆ ದಾರಿ ತಪ್ಪುತ್ತದೆ. ಅದಕ್ಕಾಗಿ ರೋಗಿಗಳ ಒಪ್ಪಿಗೆ ಪಡೆದು, ಚೀಟಿ ಎತ್ತುವ ರೀತಿಯಲ್ಲಿ ಅವರನ್ನು ಗುಂಪುಗಳಾಗಿ ಹಂಚಲಾಗುತ್ತದೆ. ಔಷಧದ ಪ್ರಯೋಗದಲ್ಲಿ ವೈದ್ಯರಿಗೂ ಔಷಧ ಯಾವುದೆಂದು ತಿಳಿಯದಂತೆ ಮಾಡಬಹುದು. ಶಸ್ತ್ರಚಿಕಿತ್ಸಕರಿಂದ ತಾವು ಬಳಸುವ ವಿಧಾನವನ್ನು ಮುಚ್ಚಿಡಲಾಗದು. ಹೀಗಾಗಿ ಕೊನೆಯಲ್ಲಿ ದೃಷ್ಟಿಯನ್ನು ಅಳೆಯುವವರಿಗೆ ರೋಗಿಯ ಗುಂಪು ತಿಳಿಯದಿರುವಂತೆ ಎಚ್ಚರ ವಹಿಸುತ್ತಾರೆ. ಭಾರತದಲ್ಲಿ ಇಂತಹ ಪ್ರಯೋಗಗಳನ್ನು ನೋಂದಾಯಿಸುವ ರಾಷ್ಟ್ರೀಯ ದಾಖಲೆ 2007ರಲ್ಲಿ ಆರಂಭವಾಯಿತು.

ಭಾರತದಲ್ಲಿ ನಡೆದ ಪ್ರಮುಖ ಪ್ರಯೋಗಗಳಲ್ಲಿ ಮದುರೈ ಕೃತಕ ಮಸೂರ ಅಧ್ಯಯನ ಒಂದು. ಇದರ ಫಲಿತಾಂಶಗಳು 1998ರಲ್ಲಿ ಪ್ರಕಟವಾದವು. 3400 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಹಳೆಯ ವಿಧಾನದ ಶಸ್ತ್ರಚಿಕಿತ್ಸೆ ಮಾಡಿ ದಪ್ಪ ಕನ್ನಡಕವನ್ನೂ, ಉಳಿದವರಿಗೆ ಕೃತಕ ಮಸೂರವನ್ನೂ ನೀಡಲಾಯಿತು. ಕೃತಕ ಮಸೂರ ಪಡೆದವರ ದೃಷ್ಟಿಯ ಬಳಕೆ ಮತ್ತು ಜೀವನದ ಗುಣಮಟ್ಟ ಎರಡೂ ಮೇಲಾಗಿದ್ದವು. ಮದುರೈಯಲ್ಲೇ 1992ರಲ್ಲಿ ಸ್ಥಾಪನೆಯಾದ ಅರೋಲ್ಯಾಬ್ ಕಡಿಮೆ ಬೆಲೆಯ ಮಸೂರಗಳನ್ನು ತಯಾರಿಸಿದ್ದರಿಂದ ಬಡವರಿಗೂ ಅದು ದೊರಕುವಂತಾಯಿತು.

ಪುಣೆಯಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 741 ರೋಗಿಗಳು ಭಾಗವಹಿಸಿದ್ದರು. ಆರು ವಾರಗಳ ಬಳಿಕ ಕನ್ನಡಕವಿಲ್ಲದೆ 6/18 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಹೊಂದಿದವರು ಹೊಲಿಗೆಯ ವಿಧಾನದಲ್ಲಿ ಶೇ. 37.3, ಸಣ್ಣ ಕೊಯ್ತದ ವಿಧಾನದಲ್ಲಿ ಶೇ. 47.9. ಅದೇ ನಗರದಲ್ಲಿ 400 ರೋಗಿಗಳ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಫೇಕೋವನ್ನು ಸಣ್ಣ ಕೊಯ್ತದ ವಿಧಾನದೊಂದಿಗೆ ಹೋಲಿಸಲಾಯಿತು. ಕನ್ನಡಕವಿಲ್ಲದೆ ಫೇಕೋ ಗುಂಪಿನವರ ದೃಷ್ಟಿ ಮೇಲಾಗಿತ್ತು. ಆದರೆ ಸರಿಯಾದ ಕನ್ನಡಕ ಕೊಟ್ಟಾಗ ಎರಡೂ ಗುಂಪುಗಳ ಶೇ. 98ಕ್ಕೂ ಹೆಚ್ಚು ಮಂದಿ 6/18ರ ಮಟ್ಟವನ್ನು ತಲುಪಿದರು. ನೇಪಾಳದಲ್ಲಿ 108 ರೋಗಿಗಳ ಮೇಲೆ ನಡೆದ, 2007ರಲ್ಲಿ ಪ್ರಕಟವಾದ ಪ್ರಯೋಗವೂ ಇದೇ ತೀರ್ಮಾನಕ್ಕೆ ಬಂದಿತು. ಅಲ್ಲಿ ಸಣ್ಣ ಕೊಯ್ತದ ವಿಧಾನಕ್ಕೆ ಸರಾಸರಿ 9 ನಿಮಿಷ, ಫೇಕೋಗೆ ಸುಮಾರು 15 ನಿಮಿಷ ಹಿಡಿದಿತ್ತು. ಯಂತ್ರವಿಲ್ಲದ ವಿಧಾನವನ್ನು ‘ಬಡವರ ಚಿಕಿತ್ಸೆ’ ಎಂದು ಕಡೆಗಣಿಸಲು ಕಾರಣವಿಲ್ಲವೆಂಬುದು ಈ ಪ್ರಯೋಗಗಳಿಂದ ಸ್ಪಷ್ಟವಾಯಿತು.

ಅಳತೆ ಮತ್ತು ಚಿತ್ರಣ

ಶಸ್ತ್ರಚಿಕಿತ್ಸೆ ಎಷ್ಟೇ ಕೌಶಲದಿಂದ ನಡೆದರೂ ಕೃತಕ ಮಸೂರದ ಶಕ್ತಿ ತಪ್ಪಾದರೆ ದೃಷ್ಟಿ ಮಸುಕಾಗಿಯೇ ಉಳಿಯುತ್ತದೆ. ಈ ಶಕ್ತಿಯನ್ನು ಲೆಕ್ಕಹಾಕಲು ಕಾರ್ನಿಯಾದ ಬಾಗು ಮತ್ತು ಕಣ್ಣುಗುಡ್ಡೆಯ ಉದ್ದ ಎರಡೂ ತಿಳಿದಿರಬೇಕು. ಉದ್ದದ ಅಳತೆಯಲ್ಲಿ 1 ಮಿ.ಮೀ. ತಪ್ಪಿದರೆ ಅಂತಿಮ ದೃಷ್ಟಿಯಲ್ಲಿ ಸುಮಾರು 2.5ರಿಂದ 3 ಡಯಾಪ್ಟರಿನಷ್ಟು ದೋಷ ಉಂಟಾಗುತ್ತದೆ.

ಈ ಉದ್ದವನ್ನು ‘ಎ-ಸ್ಕ್ಯಾನ್’ ಎಂಬ ಶ್ರವಣಾತೀತ ಪರೀಕ್ಷೆಯಿಂದ ಅಳೆಯುವುದು ರೂಢಿ. ಅಳೆಯುವವರ ಕೈ ಕಣ್ಣನ್ನು ತುಸು ಒತ್ತಿದರೂ ಉದ್ದ ಕಡಿಮೆಯಾಗಿ ದಾಖಲಾಗುತ್ತದೆ. 1990ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಬೆಳಕಿನ ಅಳತೆ ಯಂತ್ರಗಳು ಕಣ್ಣನ್ನು ಮುಟ್ಟದೆಯೇ ನಿಖರ ಅಳತೆ ನೀಡುತ್ತವೆ. ಆದರೆ ಪೊರೆ ತುಂಬ ಬಲಿತು ಬೆಳಕೇ ಒಳಹೋಗದಿದ್ದರೆ ಇವು ಕೆಲಸಕ್ಕೆ ಬಾರವು. ಆಗ ಎ-ಸ್ಕ್ಯಾನ್ ಅನಿವಾರ್ಯ. ಇಂತಹ ಕಣ್ಣಿನ ಅಕ್ಷಿಪಟ ಜಾಗ ಬಿಟ್ಟಿದೆಯೇ ಎಂದು ನೋಡಲು ‘ಬಿ-ಸ್ಕ್ಯಾನ್’ ಬಳಸುತ್ತಾರೆ. ಅಕ್ಷಿಪಟದ ಪದರಗಳನ್ನು ತೋರಿಸುವ ‘ಒಸಿಟಿ’ ಚಿತ್ರಣದ ತಂತ್ರ 1991ರಲ್ಲಿ ಮೊದಲು ಪ್ರಕಟವಾಯಿತು. ಪೊರೆ ತೆಗೆದರೂ ದೃಷ್ಟಿ ಬಾರದಂತಹ ಬೇರೆ ರೋಗ ಇದೆಯೇ ಎಂಬುದನ್ನು ಅದು ಮುಂಚೆಯೇ ತಿಳಿಸಬಲ್ಲದು.

ಎಲ್ಲ ಪರೀಕ್ಷೆಗಳಿಂದಲೂ ಪ್ರಯೋಜನವಿದೆಯೆಂದಲ್ಲ. 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಸುಮಾರು 19,000 ಶಸ್ತ್ರಚಿಕಿತ್ಸೆಗಳ ಅಧ್ಯಯನದಲ್ಲಿ ಎಲ್ಲರಿಗೂ ವಾಡಿಕೆಯಂತೆ ಮಾಡುವ ರಕ್ತಪರೀಕ್ಷೆ ಮತ್ತು ಇಸಿಜಿಗಳಿಂದ ಶಸ್ತ್ರಚಿಕಿತ್ಸೆಯ ಸುರಕ್ಷತೆ ಹೆಚ್ಚಲಿಲ್ಲ.

ಸೋಂಕು ತಡೆ

ಕಣ್ಣಿನೊಳಗಿನ ಸೋಂಕು ಅಪರೂಪದ್ದಾದರೂ ಶಾಶ್ವತ ಕುರುಡುತನಕ್ಕೆ ಕಾರಣವಾಗಬಲ್ಲದು. ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಕಣ್ಣಿನೊಳಗೆ ಪ್ರತಿಜೀವಕ ನೀಡುವುದರಿಂದ ಸೋಂಕು ಸುಮಾರು ಐದು ಪಟ್ಟು ಇಳಿಯುವುದನ್ನು 2007ರ ಯುರೋಪಿನ ಅಧ್ಯಯನ ತೋರಿಸಿತು. ಭಾರತದ ಅರವಿಂದ್ ಆಸ್ಪತ್ರೆಗಳ ಆರು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳ ದಾಖಲೆಯನ್ನು ಪರಿಶೀಲಿಸಿದ 2017ರ ವರದಿಯಲ್ಲಿ, ಮಾಕ್ಸಿಫ್ಲಾಕ್ಸಸಿನ್ ಬಳಕೆಯ ಬಳಿಕ ಸೋಂಕಿನ ಪ್ರಮಾಣ ಶೇ. 0.07ರಿಂದ ಶೇ. 0.02ಕ್ಕೆ ಇಳಿದಿತ್ತು.

ಫಲಿತಾಂಶದ ಮಾನದಂಡ

ಸಾಮಾನ್ಯ ದೃಷ್ಟಿಯವರು 18 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು 6 ಮೀಟರ್ ದೂರದಿಂದಷ್ಟೇ ಗುರುತಿಸಬಲ್ಲವರ ದೃಷ್ಟಿಯನ್ನು 6/18 ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು 1998ರಲ್ಲಿ ನೀಡಿದ ಮಾನದಂಡದಂತೆ, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ತಮ್ಮ ಬಳಿ ಇರುವ ಕನ್ನಡಕದಿಂದಲೇ ಈ ಮಟ್ಟದ ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಇರಬೇಕು. 6/60ಕ್ಕಿಂತ ಕಡಿಮೆ ಕಾಣುವವರು ಶೇ. 5ನ್ನು ಮೀರಬಾರದು. ‘ತಮ್ಮ ಬಳಿ ಇರುವ’ ಎಂಬ ಮಾತು ಇಲ್ಲಿ ಮುಖ್ಯ. ಆಸ್ಪತ್ರೆಯಲ್ಲಿ ಸೂಕ್ತ ಗಾಜು ಇಟ್ಟು ನೋಡಿದಾಗ ಕಂಡರೂ, ಮನೆಯಲ್ಲಿ ಆ ಕನ್ನಡಕ ಇಲ್ಲದಿದ್ದರೆ ರೋಗಿಗೆ ಕಂಡಂತಾಗಲಿಲ್ಲ.

ಮರುತಪಾಸಣೆಯ ಸಮಸ್ಯೆ

ಫಲಿತಾಂಶವನ್ನು ಅಳೆಯಲು ರೋಗಿಯು ಕೆಲವು ವಾರಗಳ ಬಳಿಕ ಮತ್ತೆ ಬರಬೇಕು. ಗ್ರಾಮೀಣ ಭಾಗದಲ್ಲಿ ಇದೇ ದೊಡ್ಡ ತೊಡಕು. ಉಡುಪಿ ಜಿಲ್ಲೆಯಲ್ಲಿ 1953ರಲ್ಲಿ ಆರಂಭವಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಂತಹ ಸಂಸ್ಥೆಗಳಿವೆ. ಆದರೂ ಕುಂದಾಪುರ ತಾಲೂಕಿನ ಹಾಲಾಡಿಯಂತಹ ಒಳನಾಡಿನ ಊರಿನಿಂದ ವೃದ್ಧರೊಬ್ಬರು ದೊಡ್ಡ ಆಸ್ಪತ್ರೆಗೆ ಹೋಗಿಬರಲು ಮನೆಯ ಇನ್ನೊಬ್ಬರು ದಿನದ ಕೆಲಸ ಬಿಟ್ಟು ಜೊತೆಗೆ ಹೊರಡಬೇಕಾಗುತ್ತದೆ. ಮಳೆಗಾಲದಲ್ಲಿ ಪ್ರಯಾಣ ಇನ್ನೂ ಕಷ್ಟ. ಕಣ್ಣು ಚೆನ್ನಾಗಿ ಕಂಡವರು ಅಗತ್ಯವಿಲ್ಲವೆಂದು ಬಾರದಿರಬಹುದು, ಕಾಣದವರು ನಿರಾಸೆಯಿಂದ ಬಾರದಿರಬಹುದು. ಹೀಗೆ ಬಂದವರ ಲೆಕ್ಕವೊಂದೇ ಪೂರ್ಣ ಚಿತ್ರ ಕೊಡುತ್ತದೆಯೇ ಎಂಬ ಸಂದೇಹ ಉಳಿಯುತ್ತದೆ.

2013ರಲ್ಲಿ ಪ್ರಕಟವಾದ, ಹತ್ತು ದೇಶಗಳ 40 ಆಸ್ಪತ್ರೆಗಳ 3708 ರೋಗಿಗಳನ್ನೊಳಗೊಂಡ ಅಧ್ಯಯನವು ಈ ಪ್ರಶ್ನೆಯನ್ನು ಪರಿಶೀಲಿಸಿತು. ತಾವಾಗಿ ಬಾರದವರನ್ನೂ ಹುಡುಕಿ ಅವರ ದೃಷ್ಟಿಯನ್ನು ಅಳೆಯಲಾಯಿತು. ಮನೆಗೆ ಕಳುಹಿಸುವ ಮುನ್ನ ಅಳೆದ ದೃಷ್ಟಿ ಹಾಗೂ ತಾವಾಗಿ ಮರಳಿದವರ ದೃಷ್ಟಿ ಎರಡೂ ಆಸ್ಪತ್ರೆಯ ಒಟ್ಟು ಗುಣಮಟ್ಟವನ್ನು ತಕ್ಕಮಟ್ಟಿಗೆ ಸರಿಯಾಗಿಯೇ ಸೂಚಿಸುತ್ತವೆ ಎಂದು ತಿಳಿದುಬಂದಿತು. ಆದ್ದರಿಂದ ಮರುತಪಾಸಣೆಗೆ ಬರುವವರು ಕಡಿಮೆಯೆಂಬ ಕಾರಣಕ್ಕೆ ಫಲಿತಾಂಶದ ದಾಖಲೆಯನ್ನೇ ಕೈಬಿಡಬೇಕಾಗಿಲ್ಲ. ಆದರೆ ಈ ಕ್ರಮದಿಂದ ಅಳೆಯಬಹುದಾದುದು ಆಸ್ಪತ್ರೆಯ ಗುಣಮಟ್ಟವನ್ನು ಮಾತ್ರ. ಪ್ರತಿಯೊಬ್ಬ ರೋಗಿಗೂ ಸರಿಯಾದ ಕನ್ನಡಕ ದೊರೆಯಲು, ತಡವಾಗಿ ಕಾಣಿಸಿಕೊಳ್ಳುವ ತೊಂದರೆಗಳು ಪತ್ತೆಯಾಗಲು ಮರುತಪಾಸಣೆಯು ಅಗತ್ಯವಾಗಿಯೇ ಉಳಿದಿದೆ.