ಕಡಲತೀರದ ಹೋಟೆಲು ಮತ್ತು ಮೂರು ತಿಂಗಳ ಉದ್ದರಿ

ಏಜಿಯನ್ ಸಮುದ್ರದ ಆಗ್ನೇಯ ಭಾಗದಲ್ಲಿರುವ ಕೋಸ್, ಗ್ರೀಸ್ ದೇಶಕ್ಕೆ ಸೇರಿದ ದ್ವೀಪ. ಎದುರಿಗೆ ಕೆಲವೇ ಮೈಲಿಗಳಾಚೆ ಟರ್ಕಿಯ ಕರಾವಳಿ ಕಾಣುತ್ತದೆ. ಪ್ರಾಚೀನ ವೈದ್ಯ ಹಿಪ್ಪೊಕ್ರಟೀಸ್ ಜನಿಸಿದ ನೆಲವೆಂಬ ಖ್ಯಾತಿ ಅದಕ್ಕಿದ್ದರೂ, ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಅರಸುವುದು ಬಿಸಿಲು ಮತ್ತು ಮರಳನ್ನು. ದಕ್ಷಿಣ ತೀರದ ಕಾರ್ದಮೇನಾ ಹಿಂದೆ ಮೀನುಗಾರರ ಹಳ್ಳಿಯಾಗಿತ್ತು; ಈಗ ಅದು ಬ್ರಿಟಿಷ್ ಪ್ರವಾಸಿಗರ ಅಚ್ಚುಮೆಚ್ಚಿನ ವಿಹಾರಧಾಮ. ವ್ಯಾಪಾರವೆಲ್ಲ ಸರಿಸುಮಾರು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ. ಆ ಆರು ತಿಂಗಳ ಗಳಿಕೆಯಲ್ಲಿ ವರ್ಷವಿಡೀ ಸಂಸಾರ ಸಾಗಬೇಕು.

ಇಂಥ ತೀರದಲ್ಲಿ ಒಂದು ವಾರ ಕಳೆಯಬಯಸುವ ಕುಟುಂಬ ಅನೇಕ ವೇಳೆ ಹೋಟೆಲಿಗೆ ನೇರವಾಗಿ ಹಣ ಕೊಡುವುದಿಲ್ಲ. ವಿಮಾನ, ಕೊಠಡಿ, ಊಟ ಎಲ್ಲವೂ ಸೇರಿದ ಪ್ಯಾಕೇಜನ್ನು ತನ್ನೂರಿನ ಪ್ರವಾಸ ಸಂಸ್ಥೆಯಿಂದ ಕೊಂಡು, ಹೊರಡುವ ಮೊದಲೇ ಪೂರ್ಣ ಹಣ ಪಾವತಿ ಮಾಡುತ್ತದೆ. ಸಂಸ್ಥೆಯಾದರೋ ಹೋಟೆಲಿನ ಬಿಲ್ಲನ್ನು ತೀರಿಸುವುದು ಅತಿಥಿ ಮರಳಿದ ಎರಡು-ಮೂರು ತಿಂಗಳ ತರುವಾಯ. ಮುಂಗಡ ಸಂಸ್ಥೆಯ ಪೆಟ್ಟಿಗೆಗೆ, ಉದ್ದರಿಯ ಭಾರ ಹೋಟೆಲಿನ ತಲೆಗೆ. ಸಂಸ್ಥೆಗೆ ದುಡಿಯುವ ಬಂಡವಾಳ ಒದಗಿಸುತ್ತಿದ್ದವನು ವಾಸ್ತವವಾಗಿ ದ್ವೀಪದ ಹೋಟೆಲಿನವನೇ, ಅದೂ ಬಡ್ಡಿಯಿಲ್ಲದೆ!

2019ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಥಾಮಸ್ ಕುಕ್ ಸಂಸ್ಥೆ ಕುಸಿದುಬಿದ್ದಾಗ ಈ ಏರ್ಪಾಡಿನ ನಿಜಸ್ವರೂಪ ಬಯಲಾಯಿತು. 1841ರಲ್ಲಿ ಮದ್ಯಪಾನ ವಿರೋಧಿಗಳ ರೈಲು ಪ್ರವಾಸದಿಂದ ಮೊದಲ್ಗೊಂಡ ಸಂಸ್ಥೆಯದು. ಅಂದು ಅದರ ಸುಮಾರು ಆರು ಲಕ್ಷ ಗ್ರಾಹಕರು ಪ್ರವಾಸದಲ್ಲಿದ್ದರು. ಗ್ರೀಸ್ ಒಂದರಲ್ಲೇ ಸುಮಾರು 50,000 ಮಂದಿ. ಬ್ರಿಟಿಷ್ ಪ್ರವಾಸಿಗರನ್ನು ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರವು ಬಾಡಿಗೆ ವಿಮಾನಗಳಲ್ಲಿ ಕರೆತಂದಿತು. ಪ್ಯಾಕೇಜ್ ಕೊಂಡವರ ಉಳಿದ ದಿನಗಳ ವಾಸ್ತವ್ಯಕ್ಕೆ ಪ್ರವಾಸಿ ರಕ್ಷಣಾ ನಿಧಿಯ ಭರವಸೆಯೂ ಇತ್ತು. ಆದರೆ ಜುಲೈ, ಆಗಸ್ಟ್ ತಿಂಗಳ ಅತಿಥಿಗಳು ಊಟ ಮಾಡಿ, ನಿದ್ರಿಸಿ, ಮನೆಗೆ ಮರಳಿಯಾಗಿತ್ತು. ಅವರ ಬಾಕಿಗೆ ಯಾವ ನಿಧಿಯೂ ಇರಲಿಲ್ಲ. ಹಂಗಾಮಿನ ಅತ್ಯುತ್ತಮ ಎರಡು ತಿಂಗಳ ದುಡಿಮೆ ಭದ್ರತೆಯಿಲ್ಲದ ಸಾಲದಾತರ ಪಟ್ಟಿಗೆ ಸೇರಿತು. ಹೋಟೆಲಿಗೆ ಬ್ರೆಡ್ಡು, ತರಕಾರಿ ಪೂರೈಸಿದವರೂ ಬಟ್ಟೆ ಒಗೆದುಕೊಟ್ಟವರೂ ಅದೇ ಸರಪಳಿಯ ಕೊಂಡಿಗಳಲ್ಲವೇ?

ಇದು ಮುನ್ಸೂಚನೆಯಿಲ್ಲದೆ ಎರಗಿದ ಸಿಡಿಲೇನಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ, ಅಂದರೆ ಹಂಗಾಮು ಕಣ್ತೆರೆಯುತ್ತಿದ್ದಾಗಲೇ, ಸಂಸ್ಥೆ ತನ್ನ ಅರ್ಧವಾರ್ಷಿಕ ಲೆಕ್ಕಪತ್ರಗಳನ್ನು ಪ್ರಕಟಿಸಿತ್ತು. ಆರು ತಿಂಗಳ ನಷ್ಟ ಸುಮಾರು 150 ಕೋಟಿ ಪೌಂಡ್. ಅದರಲ್ಲಿ ಸುಮಾರು 110 ಕೋಟಿ ಪೌಂಡ್ ವಜಾ ಮಾಡಿದ ಗುಡ್‌ವಿಲ್ ಮೊತ್ತ. 2007ರಲ್ಲಿ ಮೈಟ್ರಾವೆಲ್ ಸಂಸ್ಥೆಯೊಡನೆ ನಡೆದ ವಿಲೀನದಿಂದ ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ಕುಳಿತಿದ್ದುದೇ ಅದು. ಹನ್ನೆರಡು ವರ್ಷ ಆಸ್ತಿಯೆನಿಸಿದ್ದು ಒಂದೇ ಸಾಲಿನಲ್ಲಿ ಅಳಿಸಿಹೋಯಿತು. ಈ ಪತ್ರ ಯಾರು ಬೇಕಾದರೂ ಓದಬಹುದಾದದ್ದು. ಓದಿದವನಿಗೂ ಆಯ್ಕೆ ಸುಲಭವಿರಲಿಲ್ಲ. ಕೊಠಡಿಗಳಲ್ಲಿ ಬಹುಪಾಲನ್ನು ಒಬ್ಬನೇ ಗಿರಾಕಿಗೆ ಒಪ್ಪಿಸಿದ ಮೇಲೆ, ಮೇ ತಿಂಗಳಲ್ಲಿ ಮತ್ತೊಬ್ಬನನ್ನು ಎಲ್ಲಿಂದ ತರುವುದು?

ಭಾರತದಲ್ಲಿ ಅದೇ ಹೆಸರಿನ ಸಂಸ್ಥೆ 2012ರಿಂದ ಕೆನಡಾದ ಫೇರ್‌ಫ್ಯಾಕ್ಸ್ ಸಮೂಹದ ಒಡೆತನಕ್ಕೆ ಸೇರಿದ್ದರಿಂದ ಇಲ್ಲಿನ ಗ್ರಾಹಕರು ಪಾರಾದರು. ಹೆಸರೊಂದೇ ಆದರೂ ಹೊಣೆ ಬೇರೆಯಿತ್ತು. ಬ್ರಿಟನ್ನಿನ ಹೆಸರನ್ನು 2019ರ ನವೆಂಬರ್‌ನಲ್ಲಿ ಚೀನಾದ ಫೋಸುನ್ ಸಮೂಹ ಕೊಂಡುಕೊಂಡಿತು. ತೆತ್ತ ಬೆಲೆ 1 ಕೋಟಿ 10 ಲಕ್ಷ ಪೌಂಡ್.